ಚೌಕಿಯ ಮೂಲೆಯಲ್ಲಿ ಒಂದು ಕ್ಯಾಮೆರಾ

ಕಲಾವಿದರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತೇನೆ ಅಂದರೆ ನಮ್ಮ ಉಡುಪಿಯಲ್ಲಿ ಬರುವ ಪ್ರಶ್ನೆ ಒಂದೇ. "ಅದು ಸರಿ ಮಾರಾಯ್ರೆ, ಊಟಕ್ಕೆ ಎಂತ ಮಾಡ್ತೀರಿ?" ಊಟಕ್ಕೆ ಮದುವೆ ಉಂಟು. ಮದುವೆ, ಉಪನಯನ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಯಾವುದಕ್ಕೆ ಕರೆದರೂ ಹೋಗಿ ವಿಡಿಯೋ ತೆಗೆಯುತ್ತೇನೆ. ಆ ದುಡ್ಡಿನಲ್ಲಿ ಕ್ಯಾಮೆರಾದ ಕಂತು ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಯಕ್ಷಗಾನದ ಚೌಕಿಯಲ್ಲೋ (ವೇಷ ಕಟ್ಟುವ ಬಿಡಾರ), ಹುಲಿವೇಷಕ್ಕೆ ಬಣ್ಣ ಹಚ್ಚುವ ಶೆಡ್ಡಿನಲ್ಲೋ ಕೂತಿರುತ್ತೇನೆ.

ತೊಂದರೆ ಏನೆಂದರೆ ಎರಡೂ ಒಂದೇ ಸಮಯಕ್ಕೆ ಬರುತ್ತವೆ. ಮೇಳಗಳು, ಅಂದರೆ ಯಕ್ಷಗಾನದ ತಂಡಗಳು, ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಡುತ್ತವೆ. ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನಕ್ಕೆ, ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಅದು ಮೇ ತಿಂಗಳ ಕೊನೆಯ ವಾರ. ಮದುವೆಯ ಸೀಸನ್ನೂ ಹೆಚ್ಚುಕಡಿಮೆ ಅಷ್ಟೇ. ಮಳೆಗಾಲದ ಆಟಿ ತಿಂಗಳು ಬಂತು ಅಂದರೆ ಮದುವೆಯೂ ಇಲ್ಲ, ಬಯಲಾಟವೂ ಇಲ್ಲ. ಹಾಗಾಗಿ ನನ್ನ ವರ್ಷ ಸೀದಾ ಎರಡು ತುಂಡು. ಆರು ತಿಂಗಳು ಹಗಲು ಮಂಟಪ, ರಾತ್ರಿ ಚೌಕಿ. ಮಳೆಗಾಲ ಪೂರ್ತಿ ಕಂಪ್ಯೂಟರಿನ ಮುಂದೆ.

ಹಿಂದೆ ಈ ಕೆಲಸಕ್ಕೆ ಸಂಬಳ ಕೊಡುವವರು ಇದ್ದರು. 1948ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ಚಿತ್ರಕಾರರು, ಸಂಗೀತಗಾರರು, ನೃತ್ಯಗಾರರ ಬಗ್ಗೆ ಸಾಲು ಸಾಲಾಗಿ ಕಿರುಚಿತ್ರ ಮಾಡಿಸಿತು. ಥಿಯೇಟರಿನಲ್ಲಿ ಸಿನಿಮಾ ಶುರುವಾಗುವ ಮೊದಲು ಸರ್ಕಾರದ ಒಂದು ಚಿತ್ರ ತೋರಿಸಲೇಬೇಕಿತ್ತು. ಹಿರಿಯರಿಗೆ ನೆನಪಿರಬಹುದು. ಜನ ಆ ಹೊತ್ತಿಗೆ ಹೊರಗೆ ಕಡಲೆ ತಿನ್ನುತ್ತಿದ್ದರು, ಅದು ಬೇರೆ ಮಾತು. ಆ ಸಂಸ್ಥೆ 2022ರಲ್ಲಿ ಸರ್ಕಾರದ್ದೇ ಚಲನಚಿತ್ರ ನಿಗಮವಾದ ಎನ್‌ಎಫ್‌ಡಿಸಿಯೊಳಗೆ ಸೇರಿಹೋಯಿತು. ಈಗ ನನ್ನಂಥವರಿಗೆ ಉಳಿದದ್ದು ಅಲ್ಲೊಂದು ಇಲ್ಲೊಂದು ಅನುದಾನ, ಊರಿನ ದಾನಿಗಳು, ಮತ್ತೆ ಮದುವೆ.

ನಾನು ಈ ಕೆಲಸಕ್ಕೆ ಬಿದ್ದದ್ದು ಎಂಜಿಎಂ ಕಾಲೇಜಿನಿಂದ. ಓದಿನಿಂದಲ್ಲ. ಕಾಲೇಜಿನ ಆವರಣದಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಉಂಟು, ಆರ್‌ಆರ್‌ಸಿ ಅಂತಲೇ ಎಲ್ಲರೂ ಹೇಳುವುದು. ಅಲ್ಲಿ ಹಳೆಯ ಧ್ವನಿಮುದ್ರಣ, ವಿಡಿಯೋಗಳ ಸಂಗ್ರಹ ಇದೆ ಅಂತ ಗೊತ್ತಾಗಿ, ಅದರ ಬಗ್ಗೆ ಕಂಡಕಂಡವರನ್ನು ಕೇಳುತ್ತಾ ಹೋದೆ. ಆಗ ಕಿವಿಗೆ ಬಿದ್ದದ್ದು ತುಳುವಿನ ಬಾಯಿಮಾತಿನ ಮಹಾಕಾವ್ಯ ಸಿರಿಯ ದಾಖಲೆಯ ಕಥೆ. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಇಲ್ಲಿಯ ವಿವೇಕ ರೈ, ಚಿನ್ನಪ್ಪ ಗೌಡರ ತಂಡ ಆ ಕಾವ್ಯ ಹಾಡುವ ಗೋಪಾಲ ನಾಯ್ಕರ ಎದುರು ಕೂತು, ಅವರು ಹಾಡುವಷ್ಟು ಹಾಡಲಿ ಅಂತ ಬಿಟ್ಟಿತು. ಅವಸರ ಇಲ್ಲ, "ಸ್ವಲ್ಪ ಚಿಕ್ಕದು ಮಾಡಿ" ಅಂತ ಹೇಳುವುದಿಲ್ಲ. ದಿನಗಟ್ಟಲೆ ಹಾಡಿದ್ದು ಬರೆದಾಗ 15,683 ಸಾಲು. ನಾವು ಟಿವಿಯವರು (ಆಗ ನಾನೊಂದು ಲೋಕಲ್ ಚಾನೆಲಿನಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದೆ) ಪಾಡ್ದನ (ತುಳುವಿನ ಕಥನಗೀತೆ) ಹೇಳುವ ಅಕ್ಕನ ಮುಂದೆ ಮೈಕ್ ಹಿಡಿದು "ಒಂದೆರಡು ನಿಮಿಷ ಸಾಕು" ಅನ್ನುವ ಜನ. ಆ ಕಥೆ ಕೇಳಿದ ಮೇಲೆ ಹಾಗೆ ಅನ್ನಲು ಬಾಯಿ ಬರಲಿಲ್ಲ. ಕೆಲಸ ಬಿಟ್ಟೆ ಅಂತ ದೊಡ್ಡದಾಗಿ ಹೇಳುವುದಿಲ್ಲ. ಚಾನೆಲೇ ಸಂಬಳ ಕೊಡುವುದು ಬಿಟ್ಟಿತ್ತು.

ಮೊದಲ ದೊಡ್ಡ ಚಿತ್ರಕ್ಕೆ ಸಿಕ್ಕಿದವರು ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಒಬ್ಬ ಹಿರಿಯ ಬಣ್ಣದ ವೇಷಧಾರಿ, ಅಂದರೆ ರಾಕ್ಷಸ ಪಾತ್ರ ಮಾಡುವವರು. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಇಲ್ಲಿ ಅಜ್ಜ ಅನ್ನುತ್ತೇನೆ. ನಾನು ಕರೆಯುವುದೂ ಹಾಗೇ. ಮಹಿಷಾಸುರ, ರಾವಣ, ಕುಂಭಕರ್ಣ, ಶೂರ್ಪನಖಿ ಇವರ ಪಾತ್ರಗಳು.

ಒಪ್ಪಿದ್ದು ಕೂಡಲೇ. ಮನೆಯ ಜಗುಲಿಯಲ್ಲಿ ಕೂರಿಸಿ, ಲೈಟ್ ಇಟ್ಟು, ಕಾಲರಿಗೆ ಮೈಕ್ ಸಿಕ್ಕಿಸಿ ಮೊದಲ ಪ್ರಶ್ನೆ ಕೇಳಿದೆ. "ಅಜ್ಜ, ನೀವು ಈ ಕಲೆಗೆ ಬಂದದ್ದು ಹೇಗೆ?" ಅಷ್ಟೇ. ಆಮೇಲೆ ನನಗೆ ಬಾಯಿ ತೆರೆಯಲು ಅವಕಾಶ ಸಿಗಲಿಲ್ಲ. ಬಡತನ, ಗುರುಗಳು, ಮೊದಲ ವೇಷ, ರಾತ್ರಿಯಿಡೀ ನಡೆದುಕೊಂಡು ಹೋಗುತ್ತಿದ್ದ ಕಾಲ, ಎಲ್ಲವೂ ಬಂತು. ಮಧ್ಯೆ ಒಂದು ಶ್ಲೋಕ, ಸರಿಯಾದ ಜಾಗದಲ್ಲಿ ಗದ್ಗದ, ಕೊನೆಗೆ ಒಂದು ಪ್ರಾಸ. ನನಗೆ ಭಾರಿ ಖುಷಿ. ಒಳಗಿನಿಂದ ಕಾಫಿ ತಂದ ಅವರ ಹೆಂಡತಿ ಮಾತ್ರ ನಗುತ್ತಿದ್ದರು. "ಇದೇ ಆಯ್ತಾ? ಇದು ಸನ್ಮಾನಕ್ಕೆ ಹೋದಲ್ಲೆಲ್ಲ ಹೇಳುವುದು."

ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಯಕ್ಷಗಾನದವರ ಬಗ್ಗೆ ಚಿತ್ರ ಮಾಡುವವರಿಗೆ ಇದು ಮೊದಲ ಗೋಡೆ. ಚಿತ್ರಕಾರರು ಮಾತಾಡುವುದೇ ಇಲ್ಲ ಅಂತ ಬೇರೆ ಊರಿನ ಸ್ನೇಹಿತರು ಗೋಳಾಡುತ್ತಾರೆ. ನಮ್ಮದು ಉಲ್ಟಾ. ಇವರು ಬರೆದುಕೊಂಡದ್ದು ಇಲ್ಲದೆ, ನಿಂತ ನಿಲುವಿನಲ್ಲಿ ಗಂಟೆಗಟ್ಟಲೆ ಅರ್ಥ, ಅಂದರೆ ಪಾತ್ರದ ಮಾತು, ಹೇಳುವವರು. ವೇಷ, ಕುಣಿತ ಇಲ್ಲದೆ ಬರೀ ಮಾತು, ಹಾಡಿನಲ್ಲಿ ನಡೆಯುವ ತಾಳಮದ್ದಲೆಯಲ್ಲಿ ಕರ್ಣನೂ ಆಗುತ್ತಾರೆ, ಮರುದಿನ ಕರ್ಣನನ್ನು ಖಂಡಿಸುವ ಕೃಷ್ಣನೂ ಆಗುತ್ತಾರೆ. ಎರಡೂ ಸತ್ಯದಂತೆಯೇ ಕೇಳುತ್ತದೆ. ಕ್ಯಾಮೆರಾ ಆನ್ ಆದರೆ ಅವರಿಗೆ ಅದೂ ಒಂದು ರಂಗಸ್ಥಳ. ಸುಳ್ಳು ಹೇಳುತ್ತಾರೆ ಅಂತಲ್ಲ. ತಮ್ಮದೇ ಪಾತ್ರದ ಅರ್ಥ ಹೇಳುತ್ತಾರೆ, ಚೆನ್ನಾಗಿಯೂ ಹೇಳುತ್ತಾರೆ. ಆದರೆ ಅದನ್ನು ಇಟ್ಟುಕೊಂಡು ಚಿತ್ರ ಮಾಡಿದರೆ ಅದು ಸನ್ಮಾನ ಪತ್ರ ಓದಿದಂತೆಯೇ ಆಗುವುದು.

ಹಾಗಾಗಿ ಸಂದರ್ಶನ ನಿಲ್ಲಿಸಿದೆ. ಚೌಕಿಗೆ ಹೋಗಿ ಕೂರುವುದು ಅಂತ ತೀರ್ಮಾನಿಸಿದೆ. ಅಜ್ಜನಿಗೆ ಬೇಸರ. "ಪ್ರಶ್ನೆ ಕೇಳುವುದಿಲ್ಲವಾ? ಮತ್ತೆ ಎಂತ ಪಿಚ್ಚರ್ ಅದು?"

ಚೌಕಿಗೆ ಕ್ಯಾಮೆರಾ ಒಯ್ಯುವುದು ಸುಮ್ನೆ ಅಲ್ಲ. ಮೇಳದ ಯಜಮಾನರ ಒಪ್ಪಿಗೆ ಬೇಕು, ಮ್ಯಾನೇಜರ್ ಒಪ್ಪಬೇಕು, ಅವತ್ತು ಆಟ ಆಡಿಸುವ ಹರಕೆಯವರು ಬೇಡ ಅನ್ನಬಾರದು. ಒಳಗೆ ದೇವರು ಇರುತ್ತಾರೆ. ಪೂಜೆ ಆಗುತ್ತದೆ. ಚಪ್ಪಲಿ ಹೊರಗೆ. ಯಾರು ಎಲ್ಲಿ ಕೂರುವುದು ಅನ್ನುವುದಕ್ಕೂ ಕ್ರಮ ಇದೆ. ಹಿರಿತನ, ವೇಷ ನೋಡಿ ಜಾಗ. ಟ್ರೈಪಾಡಿನ ಒಂದು ಕಾಲು ಇನ್ನೊಬ್ಬರ ಪೆಟ್ಟಿಗೆಯ ಹತ್ತಿರ ಹೋದರೆ ಯಾರೂ ಬೈಯುವುದಿಲ್ಲ, ಆದರೆ ಎಲ್ಲರೂ ನೋಡುತ್ತಾರೆ. ಅದಕ್ಕೇ ಟ್ರೈಪಾಡ್ ಬಿಟ್ಟು ಒಂದು ಮಣೆ ಹಿಡಿದುಕೊಂಡು ಹೋಗಲು ಶುರು ಮಾಡಿದೆ. ಮಣೆಯ ಮೇಲೆ ನಾನು, ಮಡಿಲಲ್ಲಿ ಕ್ಯಾಮೆರಾ. ಮೊದಲ ಕೆಲವು ರಾತ್ರಿ ಬಾಲಗೋಪಾಲ ವೇಷದ ಹುಡುಗರು ಬಂದು ಲೆನ್ಸಿನೊಳಗೆ ಇಣುಕಿ ಹೋದರು. ಆಮೇಲೆ ನನ್ನನ್ನು ಮರೆತರು. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದ.

ಬಣ್ಣದ ವೇಷದ ಮುಖವರ್ಣಿಕೆಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಮೊದಲು ಬಣ್ಣದ ತಳ. ಆಮೇಲೆ ಚಿಟ್ಟಿ. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಹದ ಮಾಡಿ, ಕಡ್ಡಿಯ ತುದಿಯಿಂದ ಒಂದೊಂದೇ ಮುಳ್ಳು ಮುಖದ ಮೇಲೆ ಎಬ್ಬಿಸುವುದು. ಒಂದು ಒಣಗಿದ ಮೇಲೆ ಅದರ ಮೇಲೆ ಮತ್ತೊಂದು. ಕನ್ನಡಿ ಚಿಕ್ಕದು. ಅಜ್ಜ ಮುಖದ ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಬರುತ್ತಾರೆ. ಎರಡೂ ಕೆನ್ನೆ ಸಮ ಬರಬೇಕು, ಅಳತೆಗೆ ಕಣ್ಣು ಬಿಟ್ಟರೆ ಬೇರೇನೂ ಇಲ್ಲ. ಈ ಹೊತ್ತಿನಲ್ಲಿ ಅವರು ಮಾತಾಡುವ ಹಾಗಿಲ್ಲ. ಬಾಯಿ ಅಲುಗಿದರೆ ಚಿಟ್ಟಿ ಬಿರುಕು ಬಿಡುತ್ತದೆ. ಗಂಟೆಗಟ್ಟಲೆ ಅರ್ಥ ಹೇಳುವ ಮನುಷ್ಯ ಬಾಯಿ ಮುಚ್ಚಿ ಕೂರಲೇಬೇಕಾದ ಹೊತ್ತು ಇದೊಂದೇ! ನನಗೆ ಬೇಕಾದ ಚಿತ್ರ ಇಲ್ಲಿತ್ತು.

ಬಾಯಿ ಮುಚ್ಚಿದಾಗ ಏನೇನು ಕಾಣುತ್ತದೆ ಅಂದರೆ, ಕೈ ನಡುಗುವುದು ಕಾಣುತ್ತದೆ. ಕಡ್ಡಿ ಕೆನ್ನೆಯ ಹತ್ತಿರ ಬಂದಾಗ ನಡುಕ ನಿಲ್ಲುವುದೂ ಕಾಣುತ್ತದೆ. ಹಿಟ್ಟು ನೀರಾಯಿತು ಅಂತ ಶಿಷ್ಯನಿಗೆ ಕಣ್ಣಿನಲ್ಲೇ ಬೈಯುವುದು, ಹೊರಗೆ ಹಾಡುವ ಭಾಗವತರು ಯಾವ ಪದ ಎತ್ತಿದರು ಅಂತ ಕಿವಿ ಕೊಟ್ಟು ಕೈಯ ವೇಗ ಜಾಸ್ತಿ ಮಾಡುವುದು, ಮಂಡಿ ನೋವಿಗೆ ಕಾಲು ಬದಲಿಸುವುದು. ಜಗುಲಿಯ ಸಂದರ್ಶನದಲ್ಲಿ ಮಂಡಿ ನೋವಿನ ಸುದ್ದಿಯೇ ಇರಲಿಲ್ಲ.

ತಾಂತ್ರಿಕ ವಿಷಯ ಒಂದಿಷ್ಟು ಹೇಳಬೇಕು, ಈ ದಾರಿಗೆ ಬರುವ ಹುಡುಗ ಹುಡುಗಿಯರು ಕೇಳುತ್ತಿರುತ್ತಾರೆ. ಚೌಕಿಯ ಬೆಳಕನ್ನು ಮುಟ್ಟಬೇಡಿ. ನಿಮ್ಮ ಲೈಟ್ ಹಾಕಿದರೆ ಕನ್ನಡಿಯಲ್ಲಿ ಅವರ ಬಣ್ಣ ಬೇರೆ ಕಾಣುತ್ತದೆ, ವೇಷ ಕೆಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಇಲ್ಲದಿದ್ದರೆ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಶಾಟ್ ಎಲ್ಲ ಪಟಪಟ ಮಿನುಗುತ್ತದೆ. ಅಗ್ಗದ ಎಲ್‌ಇಡಿ ಇದ್ದರೆ ಇಷ್ಟು ಮಾಡಿದರೂ ಮಿನುಗಬಹುದು, ಮೊದಲೇ ನೋಡಿಕೊಳ್ಳಿ. ಧ್ವನಿಯದು ಇನ್ನೂ ಕಷ್ಟ. ಚೆಂಡೆಯ ಪೆಟ್ಟಿಗೆ ಲೆವೆಲ್ ಇಟ್ಟರೆ ಭಾಗವತರ ಆಲಾಪನೆ ಕೇಳುವುದಿಲ್ಲ, ಭಾಗವತರಿಗೆ ಇಟ್ಟರೆ ಚೆಂಡೆ ಒಡೆದುಹೋಗುತ್ತದೆ. ಈಗ ಸಣ್ಣ ದೊಡ್ಡ ಎರಡೂ ಧ್ವನಿ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡರ್ ಬಂದ ಮೇಲೆ ಈ ಗೋಳು ಅರ್ಧ ಕಡಿಮೆಯಾಯಿತು. ಇನ್ನು ನಮ್ಮ ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಬೂಸ್ಟು ಬರುತ್ತದೆ. ಗಾಳಿ ಆಡದ ಡಬ್ಬಿ, ಸಿಲಿಕಾ ಜೆಲ್, ವಾರಕ್ಕೊಮ್ಮೆ ಬಿಸಿಲು ತೋರಿಸುವುದು. ಕ್ಯಾಮೆರಾ ಯಾವ ಕಂಪನಿಯದ್ದು ಅಂತ ಕೇಳುವವರಿಗೆ ನನ್ನ ಉತ್ತರ ಇದೇ.

ಬೆಳಕಿನ ಮಾತು ಬಂದದ್ದಕ್ಕೆ ಒಂದು ಹೇಳುತ್ತೇನೆ. ದೇವಿ ಮಹಾತ್ಮೆಯ ಮಹಿಷಾಸುರ ಜನರ ನಡುವಿನಿಂದ, ದೊಂದಿಯ ಜೊತೆ ಬರುತ್ತಾನೆ. ರಾಳದ ಪುಡಿ ಎರಚಿದಾಗ ಭಗ್ಗನೆ ಬೆಂಕಿ ಏಳುತ್ತದೆ. ಆ ಕ್ಷಣದಲ್ಲಿ ಕ್ಯಾಮೆರಾಕ್ಕೆ ಬರೀ ಬಿಳಿ ಕಾಣುತ್ತದೆ. ನಾನು ಲೆನ್ಸನ್ನು ಬೆಂಕಿಗೇ ಹೊಂದಿಸಿ ಬಿಟ್ಟೆ. ಹಾಗಾಗಿ ನನ್ನ ಚಿತ್ರದಲ್ಲಿ ಜನ ಕಾಣುವುದಿಲ್ಲ, ಕತ್ತಲೆಯಲ್ಲಿ ಆರ್ಭಟೆ ಕೇಳುತ್ತದೆ, ಬೆಂಕಿ ಎದ್ದಾಗ ಮಾತ್ರ ಮುಖ. ಚಿಟ್ಟಿಯ ಮುಳ್ಳುಗಳಿಗೆ ನೆರಳು ಬರುವುದು ಆಗಲೇ. ಆ ಮುಖವರ್ಣಿಕೆ ಹುಟ್ಟಿದ್ದೇ ಈ ಬೆಳಕಿಗೆ ಅಂತ ನನಗೆ ಅರ್ಥವಾದದ್ದು ಎಡಿಟಿಂಗ್ ಟೇಬಲಿನಲ್ಲಿ. ಎಲ್‌ಇಡಿ ಹಾಕಿದ ರಂಗಸ್ಥಳದಲ್ಲಿ ಅದೇ ಮುಖ ಚಪ್ಪಟೆ.

ಈಗ ಬಹಳಷ್ಟು ಆಟಗಳು ಕಾಲಮಿತಿಗೆ ಬಂದಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕುವ ನಿಯಮ 2000ನೇ ಇಸವಿಯದ್ದು. ಬೆಳಗಿನವರೆಗೆ ಕೂರುವ ಜನವೂ ಕಡಿಮೆ. ಅದರಿಂದ ಬಣ್ಣದ ವೇಷಕ್ಕೆ ಪೆಟ್ಟು ಬಿತ್ತು. ಮಧ್ಯರಾತ್ರಿ ದಾಟಿದ ಮೇಲೆ ಬರಬೇಕಾದ ರಾಕ್ಷಸ ಊಟದ ಹೊತ್ತಿಗೇ ಬರಬೇಕು. ತೆರೆಯ ಹಿಂದೆ ಕುಣಿದು ಪ್ರವೇಶಿಸುವ ತೆರೆಕುಣಿತ ಮೊಟಕು. ಅಜ್ಜ ಮಾತ್ರ ಮುಖಕ್ಕೆ ಹಾಕುವ ಸಮಯ ಕಡಿಮೆ ಮಾಡಲಿಲ್ಲ. ಮೂರು ಗಂಟೆ ಬಣ್ಣ, ರಂಗದ ಮೇಲೆ ಅರ್ಧ ಗಂಟೆಯೂ ಇಲ್ಲ. ಅಂಥ ಒಂದು ರಾತ್ರಿ ಪೂರ್ತಿ ನನ್ನ ಹತ್ತಿರ ಇದೆ. ಅದರ ಬಗ್ಗೆ ಚಿತ್ರದಲ್ಲಿ ಒಂದು ಮಾತೂ ಹಾಕಿಲ್ಲ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ನಮ್ಮಲ್ಲಿ ವಿಶ್ವಾಸದ ಮೇಲೆ ಎಲ್ಲ ನಡೆಯುತ್ತದೆ, ಆದರೆ ಬರೆಸಿಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿ ಬಂದು ಪ್ರದರ್ಶಕರಿಗೂ ಹಕ್ಕು ಸಿಕ್ಕಿತು. ಈಗ ಅದು 50 ವರ್ಷ ಇರುತ್ತದೆ. ವೇಷಧಾರಿಯ ಸಹಿ ಒಂದೇ ಸಾಲದು, ಭಾಗವತರದು, ಚೆಂಡೆ ಮದ್ದಲೆಯವರದೂ ಬೇಕು. ಹಳೆಯ ಕಾಲದ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳಿಗೆ ಯಾರೂ ಕೇಳಲು ಬರುವುದಿಲ್ಲ. ಹೊಸ ಪ್ರಸಂಗವಾದರೆ ಬರೆದವರು ನಾಲ್ಕು ಮೈಲು ದೂರದಲ್ಲೇ ಇರುತ್ತಾರೆ, ಹೋಗಿ ಕೇಳುವುದು. ಕನ್ನಡದಲ್ಲೇ ಪತ್ರ ಮಾಡಿ, ಓದಿ ಹೇಳಿ, ಆಮೇಲೆ ಸಹಿ. ದೈವದ ಸೇವೆ ಮಾಡುವ ಕಲಾವಿದರಿದ್ದರೆ ಆ ಭಾಗಕ್ಕೆ ನಾನು ಕ್ಯಾಮೆರಾ ಒಯ್ಯುವುದಿಲ್ಲ. ಕೆಲವು ಕಡೆ ವಿಡಿಯೋ ಬೇಡ ಅಂತ ಬೋರ್ಡೇ ಇದೆ. ಬೋರ್ಡ್ ಇಲ್ಲದಿದ್ದರೂ ನನಗೆ ಬೇಡ.

ದುಡ್ಡಿನ ಕಥೆಯಲ್ಲಿ ಹೆಚ್ಚು ಹೇಳಲು ಏನೂ ಇಲ್ಲ, ಇರುವುದೆಲ್ಲ ಇಲ್ಲಗಳೇ. ಒಂದು ಅನುದಾನಕ್ಕೆ ಅರ್ಜಿ ಹಾಕಿದರೆ "ಕಲೆಯ ಸಾಮಾಜಿಕ ಪರಿಣಾಮವನ್ನು ವಿವರಿಸಿ" ಅಂತ ಒಂದು ಕಾಲಂ. ಅಜ್ಜನ ಸಾಮಾಜಿಕ ಪರಿಣಾಮ ಎಂತದ್ದು? ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿಯುತ್ತಾರೆ, ಅದೇ. ಒಬ್ಬ ದಾನಿಗಳು ದೊಡ್ಡ ಮೊತ್ತ ಕೊಡಲು ಬಂದರು. ಚಿತ್ರದ ಮೊದಲಿಗೆ ತಮ್ಮ ಶುಭಾಶಯ ಭಾಷಣ ಇರಬೇಕು, ಕೊನೆಗೆ ತಾವು ಅಜ್ಜನಿಗೆ ಶಾಲು ಹೊದೆಸುವ ದೃಶ್ಯ ಇರಬೇಕು ಅಂದರು. ನಯವಾಗಿ ಕೈ ಮುಗಿದೆ. ಅಜ್ಜನಿಗೆ ಇದು ಗೊತ್ತಾಗಿ ಸಿಟ್ಟು ಬಂತು. "ಶಾಲು ಎಂತ ಭಾರ ಉಂಟಾ? ಹೊದ್ದುಕೊಳ್ಳುತ್ತಿದ್ದೆ ನಾನು." ಕೊನೆಗೆ ಅವರ ಊರಿನ ಯುವಕ ಮಂಡಲದವರು ಸ್ವಲ್ಪ ಕೊಟ್ಟರು, ಉಳಿದದ್ದಕ್ಕೆ ನನ್ನ ಮದುವೆ ದುಡ್ಡು. ನನ್ನ ಮದುವೆ ಅಲ್ಲ, ಊರವರದ್ದು.

ಪತ್ತನಾಜೆ ಕಳೆದು ಮಳೆ ಹಿಡಿಯಿತು. ಕಲಾವಿದರಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆ ಮನೆಗೆ ಹೋದರು, ಕೆಲವರು ಗದ್ದೆಗೆ ಇಳಿದರು. ನಾನು ಎಡಿಟಿಂಗಿಗೆ ಕೂತೆ. ಮೊದಲ ಕೆಲಸ, ಎಲ್ಲವನ್ನೂ ಮೂರು ಕಡೆ ಇಡುವುದು. ಎರಡು ಹಾರ್ಡ್ ಡಿಸ್ಕ್ ಮನೆಯಲ್ಲಿ, ಒಂದು ಮಂಗಳೂರಿನ ಅಕ್ಕನ ಮನೆಯಲ್ಲಿ. ಕಾಳಿಂಗ ನಾವಡರಂಥ ಭಾಗವತರು 1990ರಲ್ಲಿ ಸಣ್ಣ ವಯಸ್ಸಿನಲ್ಲೇ ಹೋದರು. ಅವರ ದನಿ ಇವತ್ತಿಗೂ ಜನರ ಕಿವಿಯಲ್ಲಿ ಇರುವುದು ಕ್ಯಾಸೆಟ್‌ಗಳಿಂದ. ಎಷ್ಟು ಮನೆಗಳಲ್ಲಿ ಆ ಕ್ಯಾಸೆಟ್‌ಗಳಿಗೆ ಬೂಸ್ಟು ಹಿಡಿದು ಎಸೆದದ್ದು ನಾನೇ ನೋಡಿದ್ದೇನೆ.

ಎಡಿಟಿಂಗಿನಲ್ಲಿ ಜಗುಲಿಯ ಸಂದರ್ಶನ ಪೂರ್ತಿ ಹೊರಗೆ ಹೋಯಿತು. ಒಂದೇ ಒಂದು ತುಣುಕು ಉಳಿಸಿದೆ: ಅಜ್ಜ ಗಂಭೀರವಾಗಿ ಗುರುಸ್ಮರಣೆ ಮಾಡುತ್ತಿರುವಾಗ ಹೆಂಡತಿ ಕಾಫಿ ಹಿಡಿದು ನಗುವುದು. ಚೌಕಿಯ ಹೊತ್ತನ್ನು ಎಷ್ಟು ಇಡುವುದು ಅನ್ನುವುದೇ ದೊಡ್ಡ ಪ್ರಶ್ನೆ. ಚಿಟ್ಟಿ ಇಡುವುದನ್ನು ಓಡಿಸಿ ತೋರಿಸಿದರೆ, ಮೂರು ಗಂಟೆ ಮೂವತ್ತು ಸೆಕೆಂಡಿನಲ್ಲಿ ಮುಗಿದು, ಜನ "ಆಹಾ" ಅನ್ನುತ್ತಾರೆ. ಆದರೆ ಅಲ್ಲಿ ಇರುವುದು ಹೊತ್ತೇ. ಅದನ್ನೇ ಕತ್ತರಿಸಿದರೆ ಉಳಿಯುವುದು ಬಣ್ಣದ ಮುಖ, ಅದು ಕ್ಯಾಲೆಂಡರಿನಲ್ಲೂ ಸಿಗುತ್ತದೆ. ಕೊನೆಗೆ ಒಂದು ಉದ್ದದ ಶಾಟ್ ಹಾಗೇ ಬಿಟ್ಟೆ. ಒಂದು ಕೆನ್ನೆ, ಒಂದು ಕಡ್ಡಿ, ಹೊರಗಿನ ಚೆಂಡೆ. ಹನ್ನೊಂದು ನಿಮಿಷ. ಒಂದು ಟಿವಿಯವರು ನೋಡಿ, ಆ ಶಾಟ್ ಒಂದು ನಿಮಿಷ ಮಾಡಿದರೆ ಹಾಕುತ್ತೇವೆ ಅಂದರು. ಚಿತ್ರ ಟಿವಿಯಲ್ಲಿ ಬರಲಿಲ್ಲ.

ಇಂಥ ಶಾಟ್ ಇಡುವ ಧೈರ್ಯ ಎಲ್ಲಿಂದ ಬಂತು ಅಂತ ಒಬ್ಬರು ಕೇಳಿದ್ದರು. ಸತ್ಯಜಿತ್ ರೇ 1976ರಲ್ಲಿ ಭರತನಾಟ್ಯದ ಬಾಲಸರಸ್ವತಿಯವರ ಬಗ್ಗೆ ಚಿತ್ರ ಮಾಡಿದಾಗ ಅವರಿಗೆ ಅರುವತ್ತರ ಹತ್ತಿರ. ಅದರಲ್ಲಿ ಅವರು ಸಮುದ್ರದ ದಂಡೆಯಲ್ಲಿ "ಕೃಷ್ಣಾ ನೀ ಬೇಗನೆ ಬಾರೋ"ಗೆ ನರ್ತಿಸುತ್ತಾರೆ. ಗಾಳಿಗೆ ಸೆರಗು ಹಾರುತ್ತದೆ. ವ್ಯಾಸರಾಯರ ಪದ ನಮ್ಮ ಊರಿನಲ್ಲಿ ಎಲ್ಲಿ ನೋಡಿದರೂ ಕೇಳುವಂಥದ್ದು. ನಾನು ಅದನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ಯೌವನ ಮುಗಿದ ಮೇಲೆ ಕಲಾವಿದರನ್ನು ಚಿತ್ರ ಮಾಡಿದರೆ ಏನು ಪ್ರಯೋಜನ ಅನ್ನುವವರಿಗೆ ನಾನು ಆ ದಂಡೆಯನ್ನು ತೋರಿಸುತ್ತೇನೆ.

ಸಬ್‌ಟೈಟಲ್ ಬಗ್ಗೆ ಒಂದು ಮಾತು. ಚೌಕಿಯಲ್ಲಿ ಮಾತು ತುಳು, ರಂಗದ ಮೇಲೆ ಅಚ್ಚ ಕನ್ನಡ. ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ ಆಗಿಬಿಡುತ್ತದೆ. ಹಾಗಾಗಿ ತುಳುವಿಗೆ ಹಳದಿ, ಕನ್ನಡಕ್ಕೆ ಬಿಳಿ ಅಕ್ಷರ ಕೊಟ್ಟೆ. ಹೊರಗಿನವರಿಗೆ ಇದರಿಂದ ಏನಾಯಿತೋ ಗೊತ್ತಿಲ್ಲ. ನಮ್ಮವರು ಮಾತ್ರ ಹಳದಿ ಬಂದ ಕೂಡಲೇ ನಗಲು ತಯಾರಾಗುತ್ತಿದ್ದರು.

ಮೊದಲ ಪ್ರದರ್ಶನ ಅವರ ಊರಿನ ಶಾಲೆಯಲ್ಲಿ. ಮುಂಬೈಯ ಸಾಕ್ಷ್ಯಚಿತ್ರ ಉತ್ಸವ ಮಿಫ್‌ಗೆ, ತಿರುವನಂತಪುರದ ಕಿರುಚಿತ್ರೋತ್ಸವಕ್ಕೆ ಕಳಿಸುವುದು ಆಮೇಲೆ. ಚಿತ್ರದಲ್ಲಿ ಇರುವವರು ಕೊನೆಗೆ ನೋಡುವುದು ಅಂದರೆ ನನಗೆ ಸರಿ ಕಾಣುವುದಿಲ್ಲ. ಅಜ್ಜ ಮುಂದಿನ ಸಾಲಿನಲ್ಲಿ, ಇಸ್ತ್ರಿ ಹಾಕಿದ ಬಿಳಿ ಅಂಗಿ. ಹನ್ನೊಂದು ನಿಮಿಷದ ಶಾಟ್ ಬಂದಾಗ ಹಿಂದಿನ ಬೆಂಚಿನ ಹುಡುಗರು ಎದ್ದು ಹೋದರು. ಹೆಂಗಸರು ಕೂತರು. ಮುಗಿದ ಮೇಲೆ ಅಜ್ಜ ಹೇಳಿದ್ದು, "ನಾನು ಮಾತಾಡಿದ್ದು ಒಂದೂ ಇಲ್ಲವಲ್ಲ ಮಾರಾಯ. ಆದರೆ ವೇಷ ಚಂದ ಬಂದಿದೆ." ಅಜ್ಜಿಗೆ ತಾನು ನಗುವ ಭಾಗ ಇದ್ದದ್ದೇ ಖುಷಿ. ಅದನ್ನು ತೆಗೆಯಲು ಅಜ್ಜ ಈಗಲೂ ಹೇಳುತ್ತಿದ್ದಾರೆ.

ಉತ್ಸವಗಳಲ್ಲಿ ಒಂದೆರಡು ಕಡೆ ತೆಗೆದುಕೊಂಡರು, ಹೆಚ್ಚಿನ ಕಡೆ ಇಲ್ಲ. ಪ್ರಶಸ್ತಿ ಬರಲಿಲ್ಲ. ಆದರೆ ಆ ಚಿತ್ರ ನೋಡಿ ಹುಲಿವೇಷಕ್ಕೆ ಬಣ್ಣ ಬರೆಯುವ ಮಂಗಳೂರಿನ ಒಬ್ಬರು ಫೋನ್ ಮಾಡಿದರು. "ನಮ್ಮಲ್ಲಿಗೂ ಬನ್ನಿ, ನಾವು ಮಾತಾಡುವ ಜನವೇ ಅಲ್ಲ" ಅಂದರು. ಅದಕ್ಕಿಂತ ಒಳ್ಳೆ ಆಮಂತ್ರಣ ನನಗೆ ಬಂದಿಲ್ಲ. ಈ ದಸರಾಕ್ಕೆ ಅಲ್ಲಿ ಇರುತ್ತೇನೆ.

ಚಿತ್ರವನ್ನು ಈಗ ನಿಜವಾಗಿ ಬಳಸುತ್ತಿರುವವನು ಒಬ್ಬನೇ, ಅಜ್ಜನ ಶಿಷ್ಯ. ಅವನಿಗೆ ಚಿತ್ರ ಬೇಡ. ಚಿಟ್ಟಿ ಇಡುವ ಪೂರ್ತಿ ಮೂರು ಗಂಟೆಯ, ಕತ್ತರಿಸದ ಫೈಲ್ ಬೇಕು ಅಂತ ಪೆನ್‌ಡ್ರೈವ್ ಹಿಡಿದುಕೊಂಡು ಬಂದ. ಮನೆಯಲ್ಲಿ ಮೊಬೈಲ್ ಕನ್ನಡಿಯ ಪಕ್ಕ ಇಟ್ಟು, ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುತ್ತಾನಂತೆ. ಮೊನ್ನೆ ಬಂದು ದೂರು ಹೇಳಿದ. ಅಜ್ಜನ ಬಲಗೈ ಅಡ್ಡ ಬಂದು ಕಣ್ಣಿನ ಕೆಳಗಿನ ಸಾಲು ಕಾಣುವುದಿಲ್ಲ, ಈ ಸಲ ಎಡಬದಿಯಿಂದ ತೆಗೆಯಿರಿ ಅಂತ. ಚೌಕಿಯಲ್ಲಿ ಆ ಬದಿ ಇನ್ನೊಬ್ಬ ಹಿರಿಯರ ಜಾಗ. ದೀಪಾವಳಿಯೊಳಗೆ ಅವರ ಮನೆಗೆ ಹೋಗಿ ಕೇಳಬೇಕು.